ಹಾಯಿಹಡಗಿನ ಅಯ್ಯಯ್ಯೋ

ಕುವೈತಿಗೆ ಬಂದ ಮೇಲೆ ಇಂಗ್ಲಿಷರಿಂದ ಕಡಲಿನ ಪಾಠ ಹೇಳಿಸಿಕೊಳ್ಳುವ ಗ್ರಹಚಾರ ನನಗೆ ತಪ್ಪಿದ್ದೇ ಇಲ್ಲ. ಅದೂ ಯಾರಿಗೆ? ಮಲ್ಪೆ ಹತ್ತಿರದ ಹಳ್ಳಿಯಲ್ಲಿ ನಡೆಯುವ ಮೊದಲೇ ಈಜಿದವನಿಗೆ. ಒಂದು ಸಲವಂತೂ ಆ ಪಾಠದಿಂದ ನಮ್ಮ ಕರಾವಳಿ ಸಂಘದ ಕಬಡ್ಡಿ ಫೈನಲ್ಲಿಗೇ ಕುತ್ತು ಬಂತು.

೧. ಬಂಗುಡೆ ಕಾಣದವರು

ಶುಐಬಾ ಬಂದರಿನ ಶಿಪ್ಪಿಂಗ್ ಆಫೀಸೊಂದರಲ್ಲಿ ನನ್ನ ಕೆಲಸ. ಮ್ಯಾನೇಜರ್ ಇಂಗ್ಲೆಂಡಿನ ಸಾಹೇಬ. ತನ್ನ ದೇಶದ ಹಳೇ ಟೀವಿ ಸೀರಿಯಲ್ಲಿನ ಡಿವಿಡಿಗಳನ್ನು ಒಂದು ದಿನ ನನ್ನ ಕೈಗಿಟ್ಟ. ಹಾಯಿಹಡಗುಗಳ ಕಾಲದ ಕಥೆ. "ಶಿಪ್ಪಿಂಗ್ ಅಂದರೆ ಏನು ಅಂತ ಇದನ್ನು ನೋಡಿ ಕಲಿ" ಅಂದ.

ಅಬು ಹಲೀಫಾದ ನಮ್ಮ ರೂಮಿನಲ್ಲಿ ಹಾಕಿದೆವು. ಬಿರುಗಾಳಿಗೆ ಹಡಗು ಮಗುಚುವಂತಿದೆ, ಕ್ಯಾಪ್ಟನ್ನನ ಕೂದಲು ಮಾತ್ರ ಬಾಚಿಟ್ಟ ಹಾಗೇ ಇದೆ. ಸುತ್ತ ಅಷ್ಟು ಸಮುದ್ರ, ಒಬ್ಬನೂ ಒಂದು ಬಂಗುಡೆ ಮೀನು ಹಿಡಿಯಲಿಲ್ಲ. ಹುಳ ಬಿದ್ದ ಬಿಸ್ಕತ್ತು ಕುಟ್ಟಿ ಕುಟ್ಟಿ ತಿನ್ನುತ್ತಾರೆ.

ರೂಮಿನ ಹಿರಿಯರಾದ ಉಳ್ಳಾಲದ ಕಾಕ ಮೀನುಸಾರಿನ ಬಟ್ಟಲು ಕೆಳಗಿಟ್ಟರು. "ಇವರಾ ಮಾರಾಯ ನಮ್ಮನ್ನು ಆಳಿದ್ದು?"

೨. ಇಂಗ್ಲಿಷಿಗೆ ನಾನೇ

ರೂಮಿನಲ್ಲಿ ಇಂಗ್ಲಿಷ್ ಬಿಡಿಸಿ ಹೇಳಲು ನನ್ನ ಬಿಟ್ಟರೆ ಯಾರಿದ್ದಾರೆ? ಕ್ಯಾಪ್ಟನ್ ಏನೇ ಹೇಳಲಿ, ಹಡಗಿನವರು ಕೂಗುವುದು ಒಂದೇ ಮಾತು: "ಆಯ್ ಆಯ್ ಸಾರ್."

"ಎಂತದು ಅದು?" ಕಾಕ ಕೇಳಿದರು.

"ನಮ್ಮ ಅಯ್ಯಯ್ಯೋ, ಕಾಕ. ಮಂಗಳೂರಿಗೆ ಬಂದಿದ್ದಾಗ ಕಲಿತುಕೊಂಡು ಹೋದದ್ದು."

"ಹೇಳಿದ ಕೆಲಸಕ್ಕೆಲ್ಲ ಅಯ್ಯಯ್ಯೋ ಅಂದರೆ ಕ್ಯಾಪ್ಟನ್ ಸುಮ್ಮನಿರುತ್ತಾನಾ?"

"ಬ್ರಿಟಿಷ್ ಕಂಪನಿ, ಕಾಕ. ಎಷ್ಟು ಬೇಕಾದರೂ ಅಳಬಹುದು. ರಜೆ ಮಾತ್ರ ಇಲ್ಲ."

೩. ಶುಕ್ರವಾರ

ಫೈನಲ್ ಇದ್ದದ್ದು ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ. ನಾನಿಲ್ಲದೆ ತಂಡವಿಲ್ಲ, ಇದು ಜಂಬವಲ್ಲ, ನಮ್ಮೆದುರು ಸೋತವರನ್ನು ಕೇಳಿ. ತಂಡದ ಉಸ್ತುವಾರಿ ಕಾಕನದು. "ಆಟಕ್ಕೆ ಬಾರದಿದ್ದರೆ ರೂಮಿಗೂ ಬರಬೇಡ" ಅಂದಿದ್ದರು.

ಗುರುವಾರ ಸಾಹೇಬ ಕರೆದ. "ನಾಳೆ ಹಡಗು ಬರುತ್ತದೆ. ನೀನು ಡ್ಯೂಟಿಗೆ ಬರಬೇಕು. ಆಗದಿದ್ದರೆ ಈಗಲೇ ಹೇಳು, ಬೇರೆಯವನನ್ನು ಕರೆಯುತ್ತೇನೆ."

ಆಗುವುದಿಲ್ಲ ಅನ್ನಲೆಂದೇ ಬಾಯಿ ತೆರೆದೆ. ಮೊದಲು ಹೊರಬಿದ್ದದ್ದು, "ಅಯ್ಯಯ್ಯೋ ಸಾರ್..."

ಸಾಹೇಬನ ಮುಖ ಅರಳಿತು. "ಶಾಬಾಶ್. ಅಪ್ಪಣೆ ಅನ್ನುವುದನ್ನು ಹಡಗಿನವರ ಹಾಗೇ ಹೇಳಿದೆ. ಸೀರಿಯಲ್ ನೋಡಿ ಕಲಿತವನು ನೀನೊಬ್ಬನೇ. ಖಲಾಸ್, ಇನ್ನು ಮೇಲೆ ಶುಕ್ರವಾರದ ಹಡಗುಗಳೆಲ್ಲ ನಿನ್ನವೇ."

ಹಣೆ ಚಚ್ಚಿಕೊಳ್ಳಲು ನನ್ನ ಕೈ ತಾನಾಗಿ ಮೇಲೆ ಹೋಯಿತು.

ಸಾಹೇಬ ತಟ್ಟನೆ ಎದ್ದು ನಿಂತು, ನನಗೂ ಒಂದು ಸೆಲ್ಯೂಟ್ ಹೊಡೆದ.