ಹದಿನೈದು ದಿನದ ಮೀನಿನ ಉಪ್ಪಿನಕಾಯಿ

ನಾನು ಮೀನಿಗೆ ಖಾರ ಹಚ್ಚಲು ಕುಳಿತೆನೆಂದರೆ ಸಾಕು, ಈ ಮನೆಯಲ್ಲಿ ಯಾರಿಗಾದರೂ ನಾನು ಬೇಕಾಗುತ್ತೇನೆ. ಎರಡೂ ಕೈಗೆ ಮೆಣಸಿನ ಪುಡಿ ಮೆತ್ತಿರುತ್ತದೆ, ಆಗಲೇ ನಾಲ್ಕು ವರ್ಷದ ಮಗಳು ಕಕ್ಕಸಿನಿಂದ ಕೂಗುತ್ತಾಳೆ: "ಅಮ್ಮಾ, ಆಯ್ತು! ತೊಳಿ ಬಾ!" ಹೋದ ಸಲ ಸೋಪು ಹಾಕಿ ಕೈ ತೊಳೆದೇ ಹೋಗಿದ್ದೆ. ಆದರೂ ಅವಳು ಅರಚಿಕೊಂಡು ಅಂಗಳದಲ್ಲಿ ಮೂರು ಸುತ್ತು ಓಡಿದಳು. ಈಗ ಬುದ್ಧಿ ಬಂದಿದೆ. "ಇವತ್ತು ಮೀನಾ? ಹಾಗಾದ್ರೆ ಅಪ್ಪನ್ನ ಕಳ್ಸು" ಎನ್ನುತ್ತಾಳೆ.

ಈ ಸಲದ ಉಪ್ಪಿನಕಾಯಿ ನನ್ನ ಅತ್ತೆಗೆ. ಹೊಟ್ಟೆಯಲ್ಲಿ ಗಡ್ಡೆಯಾಗಿ ಎರಡು ತಿಂಗಳಿಂದ ಮಲಗಿದ್ದಾರೆ. ಗಂಜಿಯೂ ಸರಿಯಾಗಿ ಇಳಿಯುವುದಿಲ್ಲ. ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಪಥ್ಯ

ಹೋದ ವಾರ ಸೋಮವಾರಪೇಟೆಯ ಡಾಕ್ಟರನ್ನು ಕಂಡು ಬಂದ ನನ್ನ ಗಂಡ ಗೇಟಿನಿಂದಲೇ ನಗುತ್ತಿದ್ದರು.

"ಅವ್ವನಿಗೆ ಇನ್ನು ಪಥ್ಯ ಬೇಡವಂತೆ ಕಣೇ! ಉಪ್ಪು, ಖಾರ, ಎಣ್ಣೆ, ಏನು ಕೇಳಿದ್ರೂ ಕೊಡಿ ಅಂದ್ರು. ವಾಸಿ ಆಗ್ತಾ ಇದೆ!"

ಅವರು ಡಿಗ್ರಿ ಮಾಡಿದವರು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಾನು ಹತ್ತನೇ ಕ್ಲಾಸು. ನನಗೆ ಅರ್ಥವಾಯಿತು. ಅವರು ಖುಷಿಗೆ ಜಿಲೇಬಿ ಬೇರೆ ತಂದಿದ್ದರು. ನಾನೂ ಒಂದು ತಿಂದೆ.

ನಿನ್ನೆಯ ಮೀನು

ಸ್ಕೂಟರಿನಲ್ಲಿ ಮೀನು ತರುವ ಮಲಯಾಳಿ ಕಾಕನನ್ನು ನಿಲ್ಲಿಸಿ ಅಂಜಲ್ ಮೀನಿನ ಕಿವಿರು ಎತ್ತಿ ನೋಡಿದೆ.

"ಕಾಕಾ, ಇದು ನಿನ್ನೆಯದು."

"ಮೋಳೇ, ಸಾರಿಗಾ?"

"ಉಪ್ಪಿನಕಾಯಿಗೆ."

"ಎಷ್ಟು ದಿನ ಇಡ್ತೀ?"

"ಆರು ತಿಂಗಳು."

"ಆರು ತಿಂಗಳು ಇಟ್ಟು ತಿನ್ನೋಳು ನಿನ್ನೆಯದು ಅಂತ ನನಗೆ ಬಯ್ತೀಯಲ್ಲಾ!"

ಬೇರೆ ದಿನವಾಗಿದ್ದರೆ ಅವನ ಸ್ಕೂಟರಿನ ಗಾಳಿ ಇಳಿಯುವಂತೆ ಉತ್ತರ ಕೊಡುತ್ತಿದ್ದೆ. ಅತ್ತೆಗೆ ಎಂದು ನಾನು ಹೇಳಿದ ಮೇಲೆ ಅವನೇ ಐಸಿನ ಅಡಿಯಿಂದ ಒಳ್ಳೆಯ ಮೀನು ತೆಗೆದ. ಅಡಿಯಲ್ಲಿ ಅದು ಯಾರಿಗಾಗಿ ಕಾಯುತ್ತಿತ್ತೋ!

ಅಳುತ್ತಾ ಬಂದ ಚಿಕ್ಕಮ್ಮ

ನಮ್ಮ ಕಡೆ ಸತ್ತ ಸುದ್ದಿಯನ್ನು ಫೋನಿನಲ್ಲಿ ನೇರವಾಗಿ ಹೇಳುವುದಿಲ್ಲ. "ಸ್ವಲ್ಪ ಜೋರಾಗಿದೆ, ಬಂದು ಹೋಗಿ" ಎನ್ನುತ್ತಾರೆ. ಕೇಳಿದವರು ಮಿಕ್ಕಿದ್ದನ್ನು ತಾವೇ ತಿಳಿದುಕೊಂಡು ಬಸ್ಸು ಹತ್ತುತ್ತಾರೆ. ಶನಿವಾರಸಂತೆಯಲ್ಲಿರುವ ಅತ್ತೆಯ ತಂಗಿಗೆ ನನ್ನ ಗಂಡ ಅದೇ ಮಾತು ಹೇಳಿದ್ದಾರೆ, ವಾಸಿಯಾಗುತ್ತಿದೆ ಎಂದರೆ ಬರಲಿಕ್ಕಿಲ್ಲ, ಹೀಗಂದರೆ ನಿಜವಾಗಿಯೂ ಬಂದು ಹೋಗುತ್ತಾರೆ ಎಂದು.

ಅಂಜಲ್ ತುಂಡುಗಳು ಎಣ್ಣೆಯಲ್ಲಿ ಅರ್ಧ ಬೆಂದಿದ್ದವು. ಗೇಟಿನಲ್ಲಿ "ಅಕ್ಕಯ್ಯಾ, ನನ್ನ ಬಿಟ್ಟು ಹೋದ್ಯಾ!" ಎಂಬ ಗೋಳು. ಸೌಟು ಹಿಡಿದೇ ಓಡಿದೆ. ಚಿಕ್ಕಮ್ಮ ಎದೆ ಬಡಿದುಕೊಳ್ಳುತ್ತಾ ಅಂಗಳದ ಅರ್ಧಕ್ಕೆ ಬಂದವರು ತಟ್ಟನೆ ನಿಂತು ಮೂಗು ಅರಳಿಸಿದರು. ಸೂತಕದ ಮನೆಯಲ್ಲಿ ಹನ್ನೊಂದನೇ ದಿನ ಸತ್ತವರಿಗೆ ಎಡೆ ಇಡುವವರೆಗೆ ಮೀನು, ಮಾಂಸ ಒಲೆ ಏರುವುದಿಲ್ಲ.

"ಮೀನು ಕರೀತಿದ್ದೀಯಾ?"

"ಹೌದು ಚಿಕ್ಕಮ್ಮಾ."

"ಹಾಗಾದ್ರೆ ಇದ್ದಾಳಾ?"

ಒಳಗಿನಿಂದ ಅತ್ತೆಯ ಸ್ವರ: "ಯಾರದು ಅಳೋದು? ಯಾರು ಹೋದ್ರು?"

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಿವಿಯಲ್ಲಿ ಅಂದರು: "ಮಾಡಿಟ್ಟ ಕೋಳಿಸಾರನ್ನು ಸೂತಕ ಅಂತ ಪೂರ್ತಿ ಪಕ್ಕದ ಮನೆಗೆ ಕೊಟ್ಟು ಬಂದೆನಲ್ಲೇ!"

ಆ ಗಲಾಟೆಯಲ್ಲಿ ಒಂದು ಬಾಣಲೆ ಮೀನು ಕರಕಲಾಯಿತು. ಅದನ್ನು ಚಿಕ್ಕಮ್ಮನೇ ತಿಂದರು.

ಬಾಟಲಿ

ಕೊಡಗಿನ ಕಪ್ಪು ಹುಳಿ, ಕಾಚಂಪುಳಿ ಸುರಿದೆ. ಬೆಳ್ಳುಳ್ಳಿ, ಶುಂಠಿ, ಹುರಿದ ಮೆಂತ್ಯದ ಪುಡಿ ಬೆರೆಸಿ ಬಾಟಲಿಗೆ ತುಂಬಿದೆ. ಕೈ ಕೂಡ ತೊಳೆಯದೆ ಒಂದು ಚೂರು ಮೀನನ್ನು ತಟ್ಟೆಯಲ್ಲಿ ಅತ್ತೆಯ ಹತ್ತಿರ ಒಯ್ದೆ.

ಹದಿನೈದು ದಿನ ಕಳೆಯದೆ ಮೀನಿನ ಉಪ್ಪಿನಕಾಯಿ ಮುಟ್ಟಬಾರದು ಎಂಬುದು ಈ ಮನೆಯಲ್ಲಿ ಅವರದೇ ಕಾನೂನು. ಮದುವೆಯಾದ ಹೊಸದರಲ್ಲಿ ಒಂಬತ್ತನೇ ದಿನ ಮುಚ್ಚಳ ತೆಗೆದದ್ದಕ್ಕೆ ನನ್ನ ಕೈಗೆ ಸೌಟಿನಲ್ಲಿ ಬಾರಿಸಿದ್ದರು.

"ಅತ್ತೆ, ಇವತ್ತೇ ಸ್ವಲ್ಪ ರುಚಿ ನೋಡಿ."

"ಹುಳಿ ಹಿಡಿಯೋ ತನಕ ತಡೆಯೋಕಾಗದೆ ತಿನ್ನೋಕೆ ನಾನೇನು ಬಸುರಿಯಾ? ಹದಿನೈದು ದಿನ ಆಗ್ಲಿ."

"ಈ ಸಲ ಒಂದು..." ಎಂದೆ.

ಅವರು ನನ್ನ ಮುಖ ನೋಡಿದರು. ಡಾಕ್ಟರು ಹೇಳಿದ್ದರ ಅರ್ಥ ಅತ್ತೆಗೂ ತಮ್ಮ ಮಗನಿಗಿಂತ ಚೆನ್ನಾಗಿ ತಿಳಿದಿತ್ತು. ಹೊದಿಕೆಯಿಂದ ಕೈ ಹೊರತೆಗೆದು ಬೆರಳು ಮಡಚತೊಡಗಿದರು.

"ನಾನು ನಾಲ್ಕು ದಿನ ಬಿಟ್ಟು ಹೋದ್ರೆ, ನಿಮ್ಮ ಸೂತಕದ ಹನ್ನೊಂದು ಸೇರಿ ಸರಿಯಾಗಿ ಹದಿನೈದು. ಅವತ್ತು ಬಂದವರಿಗೆಲ್ಲ ಬಡಿಸಬಹುದು, ನನಗೂ ಎಲೆಯಲ್ಲಿ ಎಡೆ ಇಡಬಹುದು. ಇಲ್ಲಾ, ಹದಿನೈದು ದಿನ ಹೇಗಾದ್ರೂ ಕಾದು ನಾನೇ ತಿಂದು ಹೋದ್ರೆ, ಆಮೇಲೆ ಹನ್ನೊಂದು ದಿನ ನೀವ್ಯಾರೂ ಮುಟ್ಟೋ ಹಾಗಿಲ್ಲ."

ಕಣ್ಣು ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಖಾರ.

"ಹೇಳು, ನಿನಗೆ ಯಾವುದು ಅನುಕೂಲ?"