ಮಾಲೇಕಲ್ಲಿನ ಮೆಟ್ಟಿಲು, ನನ್ನ ಓಟ

ಬೆಟ್ಟವನ್ನು ನಡೆದು ಹತ್ತುವವರಿಗೆ ಕಾಲು ನೋಯುತ್ತದೆ, ಅಷ್ಟೆ. ಓಡಿ ಹತ್ತುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಅರಸೀಕೆರೆಯಲ್ಲಿ ನನ್ನದು ಕೊಬ್ಬರಿ ವ್ಯಾಪಾರ. ಐವತ್ತು ದಾಟಿದೆ, ಹೊಟ್ಟೆ ನನಗಿಂತ ಒಂದು ಮೆಟ್ಟಿಲು ಮುಂದೆಯೇ ಇರುತ್ತದೆ. ಆದರೂ ಶನಿವಾರ ಬಂತೆಂದರೆ ಊರ ಪಕ್ಕದ ಮಾಲೇಕಲ್ಲು ಬೆಟ್ಟದಲ್ಲಿ, ಬುಡದಿಂದ ತುದಿಯ ದೇವಸ್ಥಾನದವರೆಗೆ ಮೆಟ್ಟಿಲು ಓಡುತ್ತೇನೆ. ನಡೆಯುವವರನ್ನು ಹಿಂದೆ ಹಾಕುವ ಸುಖ ಕೊಬ್ಬರಿ ರೇಟು ಏರಿದಾಗಲೂ ಸಿಗುವುದಿಲ್ಲ.

"ಬುಡದಿಂದ ತುದಿವರೆಗೆ ಒಂದು ಕಡೆನೂ ಕೂರಲ್ಲ" ಎಂದು ಅಂಗಡಿಯಲ್ಲಿ ಕೊಚ್ಚಿಕೊಂಡದ್ದು ಕಣಕಟ್ಟೆಯ ನನ್ನ ಬಾಮೈದನ ಕಿವಿಗೆ ಬಿತ್ತು.

"ಭಾವ, ಕೂತಿದ್ದು ಗೊತ್ತಾದ್ರೆ ಓಟ ಬಿಟ್ಬಿಡ್ಬೇಕು. ಎಲ್ರಂಗೆ ನಡೀಬೇಕು" ಅಂದ.

"ಆಗ್ಲಿ ಕಣ್ಲಾ" ಅಂದೆ.

ದೇವರ ಬಾಗಿಲು

ಮೊದಲ ಶನಿವಾರ ಒಬ್ಬ ಅಜ್ಜಿ ಮನೆಯವರನ್ನೆಲ್ಲ ಕಟ್ಟಿಕೊಂಡು ಮೆಲ್ಲಗೆ ಹತ್ತುತ್ತಿದ್ದಳು. ಪಕ್ಕದಲ್ಲಿ ನುಗ್ಗಿದೆ.

"ಯಾಕಪ್ಪಾ ಹಂಗೆ ಓಡ್ತೀಯ, ದೇವ್ರು ಎಲ್ಲಿಗಾದ್ರೂ ಹೊಂಟೈತಾ?"

ಬಾಯಿ ಸುಮ್ಮನಿರಬೇಕಲ್ಲ. "ಇನ್ನೇನು ಬಾಗ್ಲು ಹಾಕ್ತಾರಂತೆ ಅಜ್ಜಿ" ಅಂದೆ.

ಅಜ್ಜಿ ಸೀರೆ ಎತ್ತಿ ಕಟ್ಟಿದಳು. ಸೊಸೆ, ಮೊಮ್ಮಕ್ಕಳು, ಎಲ್ಲರೂ ನನ್ನನ್ನು ಗೋಡೆಗೆ ಒತ್ತಿ ಹಾರಿಹೋದರು. ನಾನು ತುದಿ ಮುಟ್ಟುವಷ್ಟರಲ್ಲಿ ಅಜ್ಜಿಯ ದರ್ಶನವೂ ಮುಗಿದಿತ್ತು.

"ಬಾಗ್ಲು ತೆಗ್ದೇ ಐತೆ, ಹೋಗಪ್ಪಾ. ನಿಂಗೋಸ್ಕರ ಕಾಯಕ್ಕೆ ಹೇಳಿವ್ನಿ."

ಗೋವಿಂದ

ಬೆಟ್ಟದಲ್ಲಿ ಒಬ್ಬರು "ಗೋವಿಂದಾ" ಅಂದರೆ ಹತ್ತಿರ ಇದ್ದವರೆಲ್ಲ "ಗೋವಿಂದ" ಅನ್ನಲೇಬೇಕು. ಅನ್ನದಿದ್ದರೆ ದೇವರಿಗೆ ಸಿಟ್ಟೋ ಇಲ್ಲವೋ, ಜನ ತಿರುಗಿ ನೋಡುತ್ತಾರೆ.

ಮರುವಾರ ನಾಲ್ಕು ಹುಡುಗರನ್ನು ದಾಟುತ್ತಾ, "ಏನ್ರೋ, ಮುದ್ದೆ ಉಣ್ಣಲ್ವಾ?" ಎಂದು ಕೆಣಕಿದೆ. ಅವರು ನನ್ನ ಬೆನ್ನಿಗೇ ಬಂದರು. ಎರಡು ಮೆಟ್ಟಿಲಿಗೊಮ್ಮೆ "ಗೋವಿಂದಾ" ಎಂದು ಕೂಗತೊಡಗಿದರು. ಮೊದಲ ಸಲ ಪೂರ್ತಿ ಅಂದೆ. ಎರಡನೇ ಸಲ ಅರ್ಧ ಬಂತು. ಆಮೇಲೆ ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ. ಬಂಡೆಗೆ ಒರಗಿದೆ. ಒರಗುವುದು ಕೂರುವುದಲ್ಲ, ಯಾರನ್ನಾದರೂ ಕೇಳಿ.

ಒಬ್ಬ ಹತ್ತಿರ ಬಂದು ನೋಡಿ ಹೇಳಿದ: "ಯಜಮಾನ್ರು ಬಾಯ್ ಬಾಯ್ ಬಿಡ್ತಾವ್ರೆ. ಒಂದೆರಡು ತೊಟ್ಟು ತೀರ್ಥ ಬಿಡ್ರೋ."

ಬಿಳಿ ಚಡ್ಡಿ

ಮೂರನೇ ವಾರ ಬಾಮೈದ ನನ್ನ ಹೆಂಡತಿಯ ಜೊತೆ ಮೊದಲೇ ಹತ್ತಿ ತುದಿಯಲ್ಲಿ ಕಾಯುತ್ತಿದ್ದ. ನಾನು ಹೊಸ ಬಿಳಿ ಚಡ್ಡಿ ಹಾಕಿಕೊಂಡು ಹೊರಟೆ. ಸಿಕ್ಕವರನ್ನೆಲ್ಲ ಹಿಂದೆ ಹಾಕಿದೆ. ಕೊನೆಯ ತಿರುವಿನಲ್ಲಿ ಏನೂ ಆಗಲಿಲ್ಲ. ಕಣ್ಣಿಗೆ ಸ್ವಲ್ಪ ಕತ್ತಲು ಬಂತು, ಬೆಳಕು ಬರುವವರೆಗೆ ದೇವರ ಧ್ಯಾನ ಮಾಡಿದೆ. ಆಮೇಲೆ ಎದೆಯುಬ್ಬಿಸಿ ತುದಿಗೆ ಓಡಿದೆ.

"ನೋಡ್ಲಾ, ಕೂರ್ಲೇ ಇಲ್ಲ."

ಬಾಮೈದ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹಿಂದೆ ನಿಂತ. "ಭಾವ, ಹರಕೆಯೋರು ಇವತ್ತು ಮೆಟ್ಲು ಮೆಟ್ಲಿಗೂ ಅರಿಶಿನ ಬಳ್ದು ಕುಂಕುಮ ಇಟ್ಟವ್ರೆ. ನಿಮ್ಮ ಚಡ್ಡಿಗೆ ಯಾರು ಪೂಜೆ ಮಾಡಿದ್ರು?"

"ಗಾಳಿ" ಅಂದೆ.

"ರೀ, ಗಾಳಿ ಇಷ್ಟು ದುಂಡಗೆ ಬಳಿಯಲ್ಲ" ಅಂದಳು ಹೆಂಡತಿ.

ಇಳಿಯುವಾಗ ಓಟವೂ ಇಲ್ಲ, ಯಾರಿಗೂ ಬೆನ್ನು ತೋರಿಸುವಂತೆಯೂ ಇಲ್ಲ. ಹಿಂದೆ ಯಾರು ಬಂದರೂ ಬಂಡೆಗೆ ಅಂಟಿ ನಿಂತು, "ನೀವು ಮುಂದೆ ನಡೀರಿ" ಎಂದು ಕೈಮುಗಿದೆ. ಕೋಲೂರಿಕೊಂಡು ಬಂದ ಮುದುಕರೊಬ್ಬರು ನನ್ನನ್ನು ದಾಟಿ ಮಗನಿಗೆ ಹೇಳುತ್ತಿದ್ದರು: "ನೋಡ್ಲಾ, ಇಷ್ಟು ವಯಸ್ಸಾದ್ರೂ ಏನ್ ವಿನಯ. ಒಬ್ರನ್ನೂ ಹಿಂದೆ ಬಿಡ್ತಿಲ್ಲ."