ನಲವತ್ತನೆಯ ಮೀನು

ಅವತ್ತು ಗಾಜು ಒರೆಸದೆ ಇದ್ದಿದ್ದರೆ ಎಣಿಕೆಯವನು ತನ್ನ ಪಾಡಿಗೆ ತಾನು ನೆಮ್ಮದಿಯಾಗಿ ಇರುತ್ತಿದ್ದ. ಒರೆಸುವ ಅಭ್ಯಾಸವೇನೂ ಅವನಿಗಿರಲಿಲ್ಲ. ಸಂಜೆ ಇಲಾಖೆಯ ಇಂಜಿನಿಯರಮ್ಮ ಬರುತ್ತಾರೆಂದು ಹೆಂಡತಿಯೇ ಊಟದ ಡಬ್ಬಿಯ ಜೊತೆ ಪಾತ್ರೆ ಉಜ್ಜುವ ನಾರನ್ನೂ ಚೀಲಕ್ಕೆ ಹಾಕಿ ಕಳಿಸಿದ್ದಳು.

ಅವನ ಕೋಣೆ ಇದ್ದದ್ದು ಅಣೆಕಟ್ಟಿನ ಪಕ್ಕೆಯಲ್ಲಿ, ನೆಲದಿಂದ ಒಂದಾಳು ಕೆಳಗೆ. ಒಂದು ಕುರ್ಚಿ, ಒಂದು ಮೇಜು, ಎದುರಿಗೆ ಬಾಗಿಲಗಲದ ಪಾಚಿಗಟ್ಟಿದ ಗಾಜು. ಗಾಜಿನ ಆಚೆ, ಮೀನುಗಳು ಅಣೆಕಟ್ಟು ಹತ್ತಿ ಹೋಗಲೆಂದು ಕಟ್ಟಿದ ನೀರಿನ ಮೆಟ್ಟಿಲು. ಒಂದು ಮೀನು ಮೇಲಕ್ಕೆ ಹೋದರೆ ಪುಸ್ತಕದಲ್ಲಿ ಒಂದು ಗೆರೆ. ಹತ್ತೊಂಬತ್ತು ವರ್ಷದಿಂದ ಅವನ ಕೆಲಸ ಇಷ್ಟೇ. ಮೊದಮೊದಲು ಗೆರೆ ಎಳೆದು ಎಳೆದು ಬೆರಳು ನೋಯುತ್ತಿತ್ತು. ಈಗ ಗೆರೆಗಿಂತ ಆಕಳಿಕೆಯೇ ಹೆಚ್ಚು.

ಆ ವರ್ಷ ಸರ್ಕಾರ ಒಂದು ಆದೇಶ ಹೊರಡಿಸಿತ್ತು. ಮೀನು ಹತ್ತುವ ಕಾಲ ಮುಗಿಯುವುದರೊಳಗೆ ನಲವತ್ತಾದರೂ ಹತ್ತದಿದ್ದರೆ ಮೆಟ್ಟಿಲು ಕೆಲಸಕ್ಕೆ ಬಾರದ್ದೆಂದು ತೀರ್ಮಾನಿಸಿ, ಅಣೆಕಟ್ಟನ್ನೇ ಒಡೆದು ನದಿಯನ್ನು ಹರಿಯಲು ಬಿಡುವುದು. ಅವತ್ತು ಕೊನೆಯ ದಿನ. ಪುಸ್ತಕದಲ್ಲಿದ್ದದ್ದು ಮೂವತ್ತೆಂಟು ಗೆರೆ.

ಅಣೆಕಟ್ಟು ಹೋದರೆ ಎಣಿಕೆಯವನ ಕುರ್ಚಿಯೂ ಹೋದಂತೆ. ಮೀನು ಎಣಿಸುವುದು ಬಿಟ್ಟು ಬೇರೇನೂ ಬಾರದ ಐವತ್ತೆರಡರ ಗಂಡಸನ್ನು ಯಾರು ಕರೆದು ಕೆಲಸ ಕೊಡುತ್ತಾರೆ? ಮನೆಯಲ್ಲೂ ಇದೇ ವಿಷಯಕ್ಕೆ ಎರಡು ಪಕ್ಷ. ಹಿನ್ನೀರಿನಲ್ಲಿ ದೋಣಿ ಬಾಡಿಗೆಗೆ ಬಿಡುವ ಭಾಮೈದನಿಗೆ ಅಣೆಕಟ್ಟು ಬೇಕು. ಕೆಳಗಡೆ ಬಲೆ ಬೀಸಿ ಬದುಕಿದ್ದ ಮಾವನಿಗೆ ಅದು ತೊಲಗಬೇಕು. ಅಪ್ಪ ಮಗ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಆದ್ದರಿಂದ ಒಬ್ಬರಿಗೊಬ್ಬರು ಬೈಯಬೇಕಾದದ್ದನ್ನೆಲ್ಲ ಇಬ್ಬರೂ ಎಣಿಕೆಯವನಿಗೆ ಬೈಯುತ್ತಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಭಾಮೈದ ಎರಡು ಬಕೆಟ್ ತುಂಬ ಕೊಳದ ಮೀನು ತಂದು, ಭಾವನನ್ನು ಒಂದು ಮಾತೂ ಕೇಳದೆ, ಮೆಟ್ಟಿಲಿನ ಬುಡಕ್ಕೆ ಸುರಿದ. ನಿಂತ ನೀರಲ್ಲಿ ಬೆಳೆದ ಆ ಮೀನುಗಳಿಗೆ ಹತ್ತುವುದೆಂದರೇನೆಂದೇ ಗೊತ್ತಿರಲಿಲ್ಲ. ವಿಳಾಸ ತಪ್ಪಿದ ನೆಂಟರ ಹಾಗೆ ಅಲ್ಲೇ ಸುತ್ತಾಡಿ, ಸೆಳವಿನ ಜೊತೆ ಕೆಳಗೆ ಹೊರಟುಹೋದವು. ಕೆಳಗೆ ಮಾವ ಬಲೆ ಹಿಡಿದು ನಿಂತಿದ್ದ. ಅಷ್ಟನ್ನೂ ಹಿಡಿದು, ಎಷ್ಟೋ ವರ್ಷದ ಮೇಲೆ ನದಿ ತನ್ನ ನೆನಪು ಮಾಡಿಕೊಂಡಿತೆಂದು ಕಣ್ಣೊರೆಸಿಕೊಂಡ. ನಿಜ ಹೇಳುವ ಧೈರ್ಯ ಎಣಿಕೆಯವನಿಗೆ ಬರಲಿಲ್ಲ. ಬಂದು ಕೋಣೆ ಸೇರಿ ಗಾಜು ಉಜ್ಜತೊಡಗಿದ.

ಹತ್ತೂವರೆಗೆ, ಹೊಳೆಯುವ ಗಾಜಿನ ಆಚೆ, ಒಂದು ಮೀನು ಬಂತು. ಮೊಳದುದ್ದ, ಮೈಯೆಲ್ಲ ತರಚು, ಬಾಲದಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ಒಂದು ಕಚ್ಚು. ಮೂವತ್ತೊಂಬತ್ತು. ಹನ್ನೆರಡಕ್ಕೆ ಮತ್ತೊಂದು. ನಲವತ್ತು. ಅವನು ಹೆಂಡತಿಗೆ ಫೋನ್ ಮಾಡಿ ಕೆಲಸ ಉಳಿಯಿತೆಂದ. ಡಬ್ಬಿ ಬಿಚ್ಚಿ ಎರಡನೇ ತುತ್ತು ಬಾಯಿಗಿಡುವಾಗ, ನಲವತ್ತನೆಯದರ ಬಾಲದಲ್ಲೂ ಅದೇ ಕಚ್ಚು ಇತ್ತಲ್ಲ ಅನ್ನುವುದು ಹೊಳೆಯಿತು. ಡಬ್ಬಿ ಮುಚ್ಚಿಟ್ಟು ಎದ್ದ.

ಮೇಲೆ ಹತ್ತಿ ಹೋಗಿ ನೋಡಿದ. ಹಿನ್ನೀರು ತಲುಪಿದ ಮೀನು ಎತ್ತ ಹೋಗಬೇಕೆಂದು ತಿಳಿಯದೆ ಗಿರಕಿ ಹೊಡೆಯುತ್ತಿತ್ತು. ಅಲ್ಲಿ ಹರಿವೇ ಇರಲಿಲ್ಲ, ನದಿ ಯಾವ ಕಡೆ ಅಂತ ಅದಕ್ಕೆ ಹೇಳುವವರು ಯಾರು? ಕೊನೆಗೆ ಕೋಡಿಯ ನೀರು ಅದನ್ನು ಎಳೆದುಕೊಂಡು ಹೋಗಿ ಕೆಳಗಿನ ಬಂಡೆಗೆ ಎಸೆಯಿತು. ಸ್ವಲ್ಪ ಹೊತ್ತು ಸತ್ತಂತೆ ಬಿದ್ದಿದ್ದು, ಮತ್ತೆ ಮೆಟ್ಟಿಲ ಕಡೆ ತಿರುಗಿತು. ಅವನು ಕೆಳಗೆ ಓಡಿ ಪುಸ್ತಕ ತಿರುವಿದ. ಮೂರು ತಿಂಗಳ ಉದ್ದಕ್ಕೂ ಪ್ರತಿ ಗೆರೆಯ ಮುಂದೆ ಅವನದೇ ಅಕ್ಷರ: ಮೊಳದುದ್ದ, ಒಂಟಿ. ಮೊಳದುದ್ದ, ಒಂಟಿ.

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಅವನು ಮುಚ್ಚಿಕೊಂಡೇ ಇರಬೇಕೆಂದು ಮೂರು ಗಂಟೆಯವರೆಗೂ ಪ್ರಯತ್ನಪಟ್ಟ. ಅಷ್ಟರಲ್ಲಿ ಅದು ಮತ್ತೆ ಗಾಜಿನ ಮುಂದೆ ಬಂತು, ಈ ಸಲ ಒಂದು ಕಣ್ಣಿನ ಮೇಲೆ ರಕ್ತ. ಕೊಳದ ಮೀನು ಹಿಡಿದು ಅತ್ತ ಮಾವನ ಮುಖವೂ ಅದರ ಜೊತೆಯಲ್ಲೇ ಕಂಡಿತು. ಎಣಿಕೆಯವನು ಗೆರೆ ಎಳೆಯಲಿಲ್ಲ.

ನಾಲ್ಕಕ್ಕೆ ಇಂಜಿನಿಯರಮ್ಮ ಬಂದರು. ಹಿಂದೆಯೇ ಮಾವ, ಭಾಮೈದ ಇಬ್ಬರೂ ಕೋಣೆಗೆ ನುಗ್ಗಿ ಎದುರು ಬದುರು ಗೋಡೆಗೆ ಒರಗಿದರು. ಆಕೆ ಪುಸ್ತಕ ನೋಡಿ ಹುಬ್ಬೇರಿಸಿ ಪೆನ್ನು ತೆಗೆದರು.

"ಮೇಡಂ, ಅದು ನಲವತ್ತು ಮೀನಲ್ಲ," ಅಂದ ಎಣಿಕೆಯವನು. "ಒಂದೇ ಮೀನು. ನಲವತ್ತು ಸಲ ಹತ್ತಿದೆ. ಅಣೆಕಟ್ಟು ಒಡೆಸಿಬಿಡಿ."

ಭಾಮೈದ ತಲೆ ಹಿಡಿದುಕೊಂಡು ಕೂತ. ಮಾವ ಮೊದಲ ಬಾರಿಗೆ ಅಳಿಯನನ್ನು ಮನುಷ್ಯನೆಂಬಂತೆ ನೋಡಿದ. ಇಂಜಿನಿಯರಮ್ಮ ಗಾಜಿನ ಮುಂದೆ ಕೂತು ಕಾದರು. ಕಚ್ಚು ಬಾಲದ ಮೀನು ಇನ್ನೊಮ್ಮೆ ಹತ್ತಿ ಹೋದದ್ದನ್ನು ಕಣ್ಣಾರೆ ಕಂಡು ಬ್ಯಾಗಿನಿಂದ ಒಂದು ಕಾಗದ ತೆಗೆದು ಹರಿದರು.

"ಒಡೆಯೋ ಆರ್ಡರ್ ತಂದಿದ್ದೆ," ಅಂದರು. "ಕೊನೇ ದಿನ ಸರಿಯಾಗಿ ನಲವತ್ತು ಅಂತ ಪುಸ್ತಕದಲ್ಲಿ ನೋಡಿದಾಗ ಸುಳ್ಳು ಲೆಕ್ಕ ಅಂತಲೇ ಅಂದ್ಕೊಂಡೆ. ಆದರೆ ಇಷ್ಟು ಏಟು ತಿಂದ ಮೀನು ನಲವತ್ತು ಸಲ ಹತ್ತತ್ತೆ ಅಂದ್ರೆ ಮೆಟ್ಟಿಲಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಏನು ಬೇಕು? ಅಣೆಕಟ್ಟು ಇರಲಿ."

ಮೆಟ್ಟಿಲು ಚೆನ್ನಾಗಿದೆ, ಮೇಲೆ ನದಿಯೇ ಇಲ್ಲವಲ್ಲ ಎಂದು ಎಣಿಕೆಯವನು ಹೇಳಲು ಹೋದ. ಅದು ತಮ್ಮ ವಿಭಾಗಕ್ಕೆ ಬರುವುದಿಲ್ಲ ಅಂದರು. ಮೂರು ತಿಂಗಳು ಒಂದೇ ಮೀನನ್ನು ನಲವತ್ತೆಂದು ಎಣಿಸಿದವನನ್ನು ಇಟ್ಟುಕೊಳ್ಳುವುದು ಇಲಾಖೆಗೆ ಶೋಭೆಯಲ್ಲವೆಂದೂ, ನಾಳೆಯಿಂದ ಕ್ಯಾಮೆರಾ ಕೂರಿಸುವುದಾಗಿಯೂ ತಿಳಿಸಿ ಬೀಗದ ಕೈ ಇಸಿದುಕೊಂಡರು.

ಮಾವ ಕೋಣೆಯ ಮೆಟ್ಟಿಲು ಹತ್ತಿ ಹೊರಟುಹೋದ. ಭಾಮೈದ ಮಾತ್ರ ಬಂದು ಭಾವನ ಹೆಗಲ ಮೇಲೆ ಕೈಹಾಕಿದ. ಅವನ ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು.

"ನಾಳೆಯಿಂದ ನನ್ನ ಹತ್ರ ಬಂದ್ಬಿಡಿ ಭಾವ. ಎಷ್ಟು ದೋಣಿ ಹೋದವು, ಎಷ್ಟು ಬಂದವು ಅಂತ ನೋಡೋಕೆ ಒಬ್ಬರು ಬೇಕು. ನಿಮಗೇನೂ ಕಷ್ಟ ಆಗಲ್ಲ. ಎಲ್ಲಕ್ಕೂ ನಂಬರ್ ಬರೆಸಿದೀನಿ."